ಕರಿಬೇವಿಗೆ ಒಲೆ, ಒಲೆಗೆ ಗರಗಸ

ಆ ಚೈನ್‌ಸಾ ಎಂಬ ಎಂಜಿನ್ ಗರಗಸ ನನ್ನ ಪಾಲಿಗೆ ಬಂದದ್ದು ಒಂದು ಕನ್ನಡ ಮಾತಿನ ದೆಸೆಯಿಂದ. ನಾವು ಗುತ್ತಿಗೆಗೆ ಹಿಡಿದಿದ್ದ ಜಮೀನಿನ ಯಜಮಾನರು ತೀರಿಕೊಂಡ ಮೇಲೆ ಅವರ ಹೆಂಡತಿ ಶೆಡ್ಡು ಖಾಲಿ ಮಾಡಿಸುತ್ತಿದ್ದರು. ನಾವು ಆಕೆಯನ್ನು ಕರೆಯುವುದು ಒಬಾಸಾನ್, ಅಂದರೆ ಅತ್ತೆಮ್ಮ, ಎಂದು. ಒಂದೊಂದೇ ಸಾಮಾನು ಎತ್ತಿ ತೋರಿಸಿ "ಇರು?" ಎಂದು ಕೇಳುತ್ತಿದ್ದರು. ಜಪಾನೀಸಿನಲ್ಲಿ ಹಾಗೆಂದರೆ "ಬೇಕಾ?" ಎಂದು. ಗುದ್ದಲಿ, ಪೈಪು, ಒಡಕು ಕುಂಡ, ಎಲ್ಲಕ್ಕೂ ನಾನು ಬೇಡ ಬೇಡ ಎನ್ನುತ್ತಾ ಬಂದಿದ್ದೆ. ಅವರು ಚೈನ್‌ಸಾ ಎತ್ತಿದ ಹೊತ್ತಿಗೆ ಸರಿಯಾಗಿ ಕಾರಿನಲ್ಲಿ ಕೂತಿದ್ದ ನನ್ನ ಮಗಳು ಹೊಟ್ಟೆ ಹಸಿವು ಎಂದು ಕೂಗಿದಳು. ನಾನು ಹಿಂದಕ್ಕೆ ತಿರುಗಿ "ಇರು, ಇರು!" ಎಂದೆ. ಒಬಾಸಾನ್ ಮುಖ ಅರಳಿತು. ಏಪ್ರನ್ನಿನಿಂದ ಅದರ ಧೂಳು ಒರೆಸಿ, ತಲೆಬಾಗಿ, ಎರಡೂ ಕೈಯಲ್ಲಿ ನನಗೆ ಒಪ್ಪಿಸಿದರು. ಹಾಗೆ ಕೊಟ್ಟದ್ದನ್ನು ಬೇಡ ಎನ್ನಲು ಯಾವ ಭಾಷೆಯಲ್ಲೂ ನನಗೆ ಬಾಯಿ ಬರಲಿಲ್ಲ. ತಂದು ಪಾಲಿಹೌಸಿನ ಮೂಲೆಯಲ್ಲಿಟ್ಟು ಮರೆತುಬಿಟ್ಟೆ.

ಪ್ಲಾಸ್ಟಿಕ್ ಹೊದಿಸಿದ ಆ ಪಾಲಿಹೌಸ್ ಇರುವುದು ಜಪಾನಿನ ತ್ಸುಕುಬಾ ಊರಿನಿಂದ ಉತ್ತರಕ್ಕೆ, ಗುಡ್ಡದ ಬುಡದಲ್ಲಿ. ಅದರೊಳಗೆ ನಾನು ಬೆಳೆಯುವುದು ಕರಿಬೇವು. ಇಂಡಿಯಾದಿಂದ ಹಸಿ ಕರಿಬೇವು ತರುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ತೆಗೆದು ಎಸೆಯುತ್ತಾರೆ. ಮೊದಲು ರಾಜಧಾನಿಯ ಫುನಾಬೊರಿಯಲ್ಲಿ ಇದ್ದಾಗ ಬಾಲ್ಕನಿಯ ಕುಂಡದಲ್ಲಿ ಬೆಳೆಸಿದ ಒಂದು ಗಿಡದ ಬೀಜದಿಂದ ಉಳಿದವೆಲ್ಲ ಬಂದವು. ನಮ್ಮವರಿಗೆ ತ್ಸುಕುಬಾದ ಸಂಸ್ಥೆಯೊಂದರಲ್ಲಿ ಕೆಲಸ ಸಿಕ್ಕಿ ಇತ್ತ ಬಂದಮೇಲೆ ಜಮೀನು ಹಿಡಿದು, ಗಿಡಗಳನ್ನು ನೆಲಕ್ಕೆ ಇಳಿಸಿದೆ. ಈಗ ಫುನಾಬೊರಿಯ, ಅದರ ನೆರೆಯ ಕೋಟೋದ ಎಷ್ಟೋ ಇಂಡಿಯನ್ ಅಡುಗೆಮನೆಗಳ ಒಗ್ಗರಣೆ ನನ್ನ ಸೊಪ್ಪಿನದು. ಈ ದೇಶಕ್ಕೆ ಬಂದಂದಿನಿಂದ ನಾನು ಇಂಥವರ ಹೆಂಡತಿ, ಇಂಥವಳ ಅಮ್ಮ. ವಾರ್ಡ್ ಆಫೀಸಿನಿಂದ ಶಾಲೆಯ ಮೀಟಿಂಗಿನವರೆಗೆ ಎಲ್ಲೆಡೆ ಊಟದೆಲೆಯ ಕರಿಬೇವಿನ ಹಾಗೆ ಪಕ್ಕಕ್ಕೆ ಸರಿಸಲ್ಪಟ್ಟವಳು. ನನ್ನದು ಎಂದು ಬೆರಳಿಟ್ಟು ತೋರಿಸಬಹುದಾದದ್ದು ಆ ಗಿಡಗಳು ಮಾತ್ರ.

ಕರಿಬೇವಿಗೆ ಚಳಿ ಆಗದು. ಮಂಜು ಕಟ್ಟಿದರೆ ಎಲೆ ಹೋಗುತ್ತದೆ, ಬೇರಿಗೆ ತಟ್ಟಿದರೆ ಗಿಡವೇ ಹೋಗುತ್ತದೆ. ಅದಕ್ಕಾಗಿ ಪಾಲಿಹೌಸಿನಲ್ಲಿ ಸೀಮೆಎಣ್ಣೆಯ ದೊಡ್ಡ ಹೀಟರ್ ಇತ್ತು. ಅದು ಕೆಡಲು ಆರಿಸಿಕೊಂಡದ್ದು ವರ್ಷದ ಕೊನೆಯ ವಾರವನ್ನು. ಹೊಸವರ್ಷಕ್ಕೆ ಜಪಾನ್ ಬಾಗಿಲು ಹಾಕಿಕೊಳ್ಳುವುದನ್ನು ಕಂಡವರೇ ಬಲ್ಲರು. ಹಗಲಿರುಳು ತೆರೆದಿರುವ ಕೊಂಬಿನಿ, ಒಂದೆರಡು ದೊಡ್ಡ ಅಂಗಡಿ ಬಿಟ್ಟರೆ ಎಲ್ಲರೂ ಮನೆಯೊಳಗೆ. ರಿಪೇರಿಯವನು ಫೋನಿನಲ್ಲಿ ಎಷ್ಟು ಸಲ ಸುಮಿಮಾಸೆನ್, ಕ್ಷಮಿಸಿ, ಎಂದನೋ! ಪಾರ್ಟ್ ಬರುವುದು ರಜೆ ಮುಗಿದ ಮೇಲೆ, ಬಹುಶಃ, ನೋಡೋಣ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಫೋನಿಟ್ಟ. ಅದೇ ಸಂಜೆ ಮಗಳು ಮೊಬೈಲ್ ನೋಡುತ್ತಾ "ಅಮ್ಮಾ, ಕೋಲ್ಡ್ ವೇವ್ ಅಂತೆ. ಎಂಟೈರ್ ವೀಕ್ ಮೈನಸ್" ಎಂದಳು. 

ಬೇರೆ ದಾರಿ ಒಂದಿತ್ತು. ಸತ್ತ ಯಜಮಾನರು ಹಿಂದೆ ಅಲ್ಲಿ ಟೊಮೆಟೊ ಬೆಳೆಯುತ್ತಿದ್ದಾಗ ಡ್ರಮ್ಮಿನಿಂದ ಮಾಡಿದ ಸೌದೆ ಒಲೆಯೊಂದು ಹೊಗೆಕೊಳವೆ ಸಮೇತ ಒಳಗೇ ಇತ್ತು. ಸೌದೆಯೂ ಇತ್ತು. ಪಾಲಿಹೌಸಿನ ಹಿಂದೆ ತಗಡಿನ ಕೆಳಗೆ, ಅವರು ಕಡಿದು ಒಣಹಾಕಿದ್ದ ಕುನುಗಿ ಮರದ ದಿಮ್ಮಿಗಳು. ಕುನುಗಿ ಎಂದರೆ ಗಟ್ಟಿ ಜಾತಿ, ಒಣಗಿದ ಮೇಲೆ ಕಬ್ಬಿಣ. ಒಂದೊಂದು ದಿಮ್ಮಿ ಆಳೆತ್ತರ, ನನ್ನ ಸೊಂಟದಷ್ಟು ದಪ್ಪ. ಒಲೆಯ ಬಾಯಿ ಮೊಳದಷ್ಟು. ನಡುವೆ ಬೇಕಾದದ್ದು ಕೊಯ್ಯುವ ಕೈ.

ಹೊಸ ಚೈನ್‌ಸಾ ಕೊಳ್ಳೋಣ ಎಂದು ಹೋಮ್ ಸೆಂಟರ್ ಎಂಬ ದೊಡ್ಡ ಹಾರ್ಡ್‌ವೇರ್ ಅಂಗಡಿಗೆ ಓಡಿದೆವು. ಕೊಂಬೆ ಸವರುವ ಪುಟ್ಟ ಬ್ಯಾಟರಿ ಗರಗಸ ಬಿಟ್ಟರೆ ಅಲ್ಲಿ ಇರಲಿಲ್ಲ, ದೊಡ್ಡದು ಬೇಕೆಂದರೆ ಆರ್ಡರ್ ಹಾಕಬೇಕು, ಮತ್ತೆ ಅದೇ ರಜೆಯ ನಂತರ. ಕ್ಯಾಂಪಿಂಗಿನವರಿಗೆಂದು ಮಾರುವ ಸೌದೆ ಕಟ್ಟುಗಳನ್ನು ಕಾರಿನ ತುಂಬ ತಂದೆವು, ಬೆಳಗಾಗುವುದರೊಳಗೆ ಅಷ್ಟೂ ಬೂದಿ. ಒಬಾಸಾನ್ ಮನೆಯಿಂದ ಕೈಗರಗಸ ತಂದು ನಮ್ಮವರು ಕೊಯ್ಯಲು ಕೂತರು. ನಮ್ಮ ಕಡೆಯ ಗರಗಸ ತಳ್ಳಿದರೆ ಕೊಯ್ಯುತ್ತದೆ, ಇಲ್ಲಿಯದು ಎಳೆದರೆ. ಅವರು ತಳ್ಳಿ ತಳ್ಳಿ ಅಲಗು ಬಗ್ಗಿಸಿದರು. ನಾನು ಎಳೆದೆ. ಮಧ್ಯಾಹ್ನವಿಡೀ ಕೂತು ಒಂದು ದಿಮ್ಮಿಗೆ ಒಂದು ಗಾಯ ಮಾಡಿದೆವು, ನಮ್ಮ ಅಂಗೈಗಳಲ್ಲಿ ಅದಕ್ಕಿಂತ ದೊಡ್ಡ ಗಾಯಗಳಾದವು. ಆಗ ಮೂಲೆಯಲ್ಲಿದ್ದ ಚೈನ್‌ಸಾ ನೆನಪಿಗೆ ಬಂತು.

ನೆಲದ ಮೇಲೆ ಪೇಪರ್ ಹಾಸಿ ಅದನ್ನು ಬಿಚ್ಚಿದೆ. ಮಿಕ್ಸಿ ಬಿಚ್ಚಿದ್ದೇನೆ, ಹೊಲಿಗೆ ಯಂತ್ರ ಬಿಚ್ಚಿದ್ದೇನೆ, ಇದೂ ಅಷ್ಟೇ ಎಂದುಕೊಂಡೆ. ಟ್ಯಾಂಕಿನ ಮುಚ್ಚಳ ತಿರುಗಿಸಿದರೆ ವಾರ್ನಿಶ್ ವಾಸನೆ. ಹಳೆಯ ಪೆಟ್ರೋಲು ಬೆಲ್ಲದ ಪಾಕದ ಹಾಗೆ ತಳ ಹಿಡಿದಿತ್ತು. ಟ್ಯಾಂಕಿನೊಳಗಿನ ರಬ್ಬರ್ ನಳಿಕೆ ಮುಟ್ಟುತ್ತಲೇ ಪುಡಿಯಾಯಿತು. ಹೋಮ್ ಸೆಂಟರಿಗೆ ಮತ್ತೆ ಹೋಗಿ ಹುಲ್ಲು ಕತ್ತರಿಸುವ ಯಂತ್ರದ ನಳಿಕೆ, ಫಿಲ್ಟರ್, ಎಣ್ಣೆ ಬೆರೆಸಿದ ಪೆಟ್ರೋಲಿನ ಡಬ್ಬಿ, ಸರಪಳಿಯ ಹಲ್ಲು ಉಜ್ಜುವ ದುಂಡನೆಯ ಅರ ತಂದೆ. ಪ್ಲಗ್ಗನ್ನು ಉಜ್ಜಿ, ಸಿಲಿಂಡರಿನ ಲೋಹಕ್ಕೆ ತಾಗಿಸಿ ಹಿಡಿದು, ಎಂಜಿನ್ ಹತ್ತಿಸುವ ಹಗ್ಗ ಎಳೆಯಲು ನಮ್ಮವರಿಗೆ ಹೇಳಿದೆ. ಸಣ್ಣ ನೀಲಿ ಕಿಡಿ ಹಾರಿತು. "ಕರೆಂಟ್ ಬರ್ತಿದೆ ಕಣೇ!" ಎಂದು ಅವರು ಕುಣಿದರು. ಕಣ್ಣಿಗೆ ಕಾಣದ ಕಣಗಳ ಲೆಕ್ಕ ಹಾಕುವುದು ಅವರ ಕಸುಬು, ಕಾಣುವ ಕಿಡಿ ಕಂಡರೆ ಅಷ್ಟು ಸಂಭ್ರಮ.

ಆಮೇಲೆ ಮಾಡಿದ ತಪ್ಪು ನಮ್ಮ ತಲೆಮಾರಿನ ನಮ್ಮ ದೇಶದವರು ಮಾತ್ರ ಮಾಡಬಲ್ಲಂಥದ್ದು. ದಾವಣಗೆರೆಯಲ್ಲಿ ಅಪ್ಪ ದಿನಾ ಬೆಳಿಗ್ಗೆ ಸ್ಕೂಟರನ್ನು ಮಗ್ಗುಲಿಗೆ ವಾಲಿಸಿ, ಒಂದು ಗಳಿಗೆ ಹಾಗೇ ಹಿಡಿದು, ಆಮೇಲೆ ಕಿಕ್ ಹೊಡೆಯುತ್ತಿದ್ದರು. ವಾಲಿಸದೆ ಸ್ಕೂಟರ್ ಸ್ಟಾರ್ಟ್ ಆಗುತ್ತದೆ ಎಂದು ನಮ್ಮ ಓಣಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ಚೈನ್‌ಸಾ ಗುಟುರು ಹಾಕದೆ ಕೂತಾಗ ನಾನು ಎರಡು ಸಲ ಯೋಚಿಸದೆ ಅದನ್ನು ಮಗ್ಗುಲಿಗೆ ವಾಲಿಸಿದೆ, ಚೋಕ್ ಎಳೆದೆ, ಎಳೆದೆ, ಇನ್ನೊಮ್ಮೆ ವಾಲಿಸಿದೆ. ಸೈಲೆನ್ಸರಿನಿಂದ ಪೆಟ್ರೋಲು ತೊಟ್ಟಿಕ್ಕತೊಡಗಿತು. ಒಳಗೆಲ್ಲ ತೊಯ್ದು, ಪ್ಲಗ್ ಮುಳುಗಿ, ಆ ದಿನವೆಲ್ಲ ಅದನ್ನು ಒಣಗಿಸುವುದರಲ್ಲೇ ಹೋಯಿತು. ಹೊರಗೆ ಗುಡ್ಡದ ಗಾಳಿ ಏಳುತ್ತಿತ್ತು, ಪಾಲಿಹೌಸಿನ ಪ್ಲಾಸ್ಟಿಕ್ ಪಟಪಟ ಹೊಡೆದುಕೊಳ್ಳುತ್ತಿತ್ತು. ನನಗೆ ಅಪ್ಪನ ಮೇಲೂ ಸಿಟ್ಟು ಬಂತು.

ಒಣಗಿದ ಮೇಲೂ ಅದು ಹತ್ತಲಿಲ್ಲ. ಕಾರ್ಬ್ಯುರೇಟರ್ ಬಿಚ್ಚಿದಾಗ ಕಾರಣ ಸಿಕ್ಕಿತು. ಚೈನ್‌ಸಾವನ್ನು ಹೇಗೆ ಹಿಡಿದರೂ ಪೆಟ್ರೋಲು ಹರಿಯಬೇಕಲ್ಲ, ಅದಕ್ಕೆ ಅದರೊಳಗೆ ತೆಳ್ಳಗಿನ ರಬ್ಬರ್ ಪೊರೆಗಳಿರುತ್ತವೆ. ಎಂಜಿನ್ನಿನ ಒಂದೊಂದು ಮಿಡಿತಕ್ಕೂ ಪೊರೆ ಮೇಲೆ ಕೆಳಗೆ ಆಡಿ ಪೆಟ್ರೋಲನ್ನು ಎತ್ತಿ ಕೊಡುತ್ತದೆ. ನಮ್ಮದರ ಪೊರೆಗಳು ಸುಟ್ಟ ಹಪ್ಪಳದಂತೆ ಸೆಟೆದುಕೊಂಡಿದ್ದವು. ಹೊಸದು ಎಲ್ಲಿ ತರುವುದು? ನಮ್ಮವರು ಪ್ರಯೋಗಾಲಯದ ನೀಲಿ ಕೈಗವಸುಗಳ ಪೊಟ್ಟಣವೊಂದನ್ನು ಪಾತ್ರೆ ತೊಳೆಯಲೆಂದು ಮನೆಗೆ ತಂದಿದ್ದರು. "ಈ ರಬ್ಬರ್ ಪೆಟ್ರೋಲಿಗೆ ಸ್ವಲ್ಪ ಹೊತ್ತು ತಡಿಯುತ್ತೆ. ಆಮೇಲೆ ಊದುತ್ತೆ" ಎಂದರು. ಸ್ವಲ್ಪ ಹೊತ್ತು ಸಾಕು ಎಂದೆ. ಹಳೆಯ ಪೊರೆಯನ್ನು ಕೈಗವಸಿನ ಮೇಲಿಟ್ಟು, ಮಗಳ ಕ್ರಾಫ್ಟ್ ಚಾಕುವಿನಿಂದ ಅಂಚು, ತೂತು, ಸಣ್ಣ ನಾಲಿಗೆಗಳನ್ನು ಕತ್ತರಿಸಿದೆ. ಉಸಿರು ಬಿಟ್ಟರೆ ಅಲುಗುತ್ತಿತ್ತು. ಎಷ್ಟೋ ಕೆಟ್ಟವು, ಒಂದು ಸರಿಯಾಗಿ ಕೂತಿತು.

ಈ ಸಲ ಹಗ್ಗ ಎಳೆದದ್ದೇ ಅದು ಕೆಮ್ಮಿತು, ಇನ್ನೊಮ್ಮೆ ಎಳೆದಾಗ ಗುಡ್ಡಕ್ಕೆ ಕೇಳುವ ಹಾಗೆ ಅಬ್ಬರಿಸಿತು. ನೀಲಿ ಹೊಗೆ ಅಂಗಳ ತುಂಬಿತು. ನಾವು ಒಬ್ಬರನ್ನೊಬ್ಬರು ನೋಡಿಕೊಂಡು ನಗುವಷ್ಟರಲ್ಲಿ ರಸ್ತೆಯಾಚೆಯ ಮನೆಯ ಬಾಗಿಲು ದಢಾರನೆ ತೆರೆಯಿತು. ಒಬಾಸಾನ್ ಚಪ್ಪಲಿಯಿಲ್ಲದೆ ಕಾಲುಚೀಲದಲ್ಲೇ ಹೊರಗೆ ಬಂದು "ಉರುಸಾಯ್!" ಎಂದು ಕಿರುಚಿದರು. ಗದ್ದಲ ನಿಲ್ಲಿಸು ಎಂಬುದಕ್ಕೆ ಒರಟು ಮಾತು ಅದು, ಮನೆಯವರಿಗಷ್ಟೇ ಅನ್ನುವಂಥದ್ದು. ಮಾತುಮಾತಿಗೂ ತಲೆಬಾಗುವ ಆಕೆಯ ಬಾಯಲ್ಲಿ ನಾನು ಅದನ್ನು ಎಂದೂ ಕೇಳಿರಲಿಲ್ಲ. ಗಾಬರಿಯಾಗಿ ಎಂಜಿನ್ ನಿಲ್ಲಿಸಿದೆ. ಆಕೆ ರಸ್ತೆಯ ಅಂಚಿನಲ್ಲಿ ನಿಂತು ನನ್ನನ್ನು ನೋಡಿದರು, ಚೈನ್‌ಸಾ ನೋಡಿದರು, ಏಪ್ರನ್ನಿನಿಂದ ಬಾಯಿ ಮುಚ್ಚಿಕೊಂಡರು.

"ಸುಮಿಮಾಸೆನ್, ಸುಮಿಮಾಸೆನ್" ಎಂದರು. ಆಮೇಲೆ ನಿಧಾನವಾಗಿ, ನನಗೆ ಅರ್ಥವಾಗುವಂಥ ಸಣ್ಣ ಸಣ್ಣ ಜಪಾನೀಸಿನಲ್ಲಿ ಹೇಳಿದರು: "ನಮ್ಮ ಯಜಮಾನ್ರು ಊಟದ ಹೊತ್ತಿಗೇ ಇದನ್ನ ಶುರು ಮಾಡ್ತಿದ್ರು. ದಿನಾ ಬೈತಿದ್ದೆ. ಬಾಯಿಗೆ ತಾನಾಗೇ ಬಂತು." ಅಲ್ಲೇ ಕಲ್ಲಿನ ಮೇಲೆ ಕೂತು, ನಿಲ್ಲಿಸಬೇಡ, ನಡೆಸು ಎಂದು ಕೈಸನ್ನೆ ಮಾಡಿದರು. ನಾನು ಹಗ್ಗ ಎಳೆಯಲು ನಮ್ಮವರ ಕೈಗೆ ಕೊಟ್ಟೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಖಾಲಿ ಓಡುವಾಗ ಹುಲಿಯಂತಿದ್ದ ಯಂತ್ರ ಸರಪಳಿಯನ್ನು ಮರಕ್ಕೆ ತಾಗಿಸಿ ಒತ್ತಿದ ಕೂಡಲೇ ಒಮ್ಮೆ ಹುಚ್ಚಾಪಟ್ಟೆ ಕಿರುಚಿ ಸತ್ತಿತು. ಮತ್ತೆ ಸ್ಟಾರ್ಟ್ ಮಾಡಿ ಒತ್ತಿದರೆ ಮತ್ತೆ ಸಾವು. ಕತ್ತಲಾಗುವವರೆಗೆ ಅದೇ ಆಟ. ಕೊನೆಗೆ ನಮ್ಮವರು ಹಿಡಿಯನ್ನು ಎಳೆದು, ತಳ್ಳಿ, ಟಾರ್ಚ್ ಬಿಟ್ಟು ನೋಡಿ ಕಂಡುಹಿಡಿದರು. ಹಿಡಿಗೂ ಎಂಜಿನ್ನಿಗೂ ನಡುವೆ ಅದುರು ತಡೆಯಲು ಇರುವ ರಬ್ಬರ್ ಗುಂಡುಗಳು ಸತ್ತುಹೋಗಿದ್ದವು. ಹಿಡಿ ಒತ್ತಿದಾಗ ಎಂಜಿನ್ ಸರಿಯುತ್ತಿತ್ತು. ಸರಿದಾಗ ಕಾರ್ಬ್ಯುರೇಟರ್ ಮತ್ತು ಸಿಲಿಂಡರ್ ನಡುವಿನ ರಬ್ಬರ್ ಕೊರಳು ಬಾಯಿ ಬಿಡುತ್ತಿತ್ತು, ಅದರ ಉದ್ದಕ್ಕೂ ಬಿರುಕಿತ್ತು. ಗಾಳಿ ಒಳನುಗ್ಗಿ ಎಂಜಿನ್ ಸಾಯುತ್ತಿತ್ತು. ಅಂದರೆ ಅದು ಅಲುಗದೆ ಇದ್ದರೆ ಮಾತ್ರ ಬದುಕಿರುವ ಯಂತ್ರ. ಅಲುಗದೆ ಮರ ಕೊಯ್ಯುವುದು ಹೇಗೆ?

ತ್ಸುಕುಬಾದಲ್ಲಿ ಎಲ್ಲರ ಮನೆಯಲ್ಲೂ ಸೈಕಲ್ ಪಂಕ್ಚರ್ ಡಬ್ಬಿ ಇರುತ್ತದೆ. ಬಿರುಕಿಗೆ ಸೊಲ್ಯೂಶನ್ ಹಚ್ಚಿ, ಟ್ಯೂಬಿನ ತುಂಡು ಒತ್ತಿ, ಒಣಗಲು ಬಿಟ್ಟೆ. ಪಂಕ್ಚರ್ ಹಾಕಲು ಬಾರದ ಕನ್ನಡಿಗರುಂಟೇ ಎಂದು ಜಂಬವೂ ಬಂದಿತ್ತು. ಪೆಟ್ರೋಲಿನ ಹಬೆ ತಗುಲಿದ್ದೇ ಸೊಲ್ಯೂಶನ್ ಕರಗಿ ಟ್ಯೂಬಿನ ತುಂಡು ಜಾರಿ ಬಿತ್ತು. ಮೇಲೆ ರಬ್ಬರ್ ಟೇಪ್ ಸುತ್ತಿ ಬಿಗಿದೆ, ಅದೂ ನಿಲ್ಲಲಿಲ್ಲ. ಮನೆಯ ಸೀಮೆಎಣ್ಣೆ ಸ್ಟವ್‌ಗಳನ್ನೆಲ್ಲ ಪಾಲಿಹೌಸಿಗೆ ಸಾಗಿಸಿ, ದಿನಾ ತರುತ್ತಿದ್ದ ಸೌದೆ ಕಟ್ಟುಗಳಲ್ಲಿ ಅಂಗಡಿಯ ಕೊನೆಯವನ್ನೂ ಸುಟ್ಟು ನಾವು ಕೋಟು ಹೊದ್ದು ಮಲಗಿದೆವು. ಬೆಳಿಗ್ಗೆ ಹೋಗಿ ನೋಡಿದರೆ ಬಾಗಿಲಿಗೆ ಅಂಟಿದ ಮೊದಲ ಸಾಲುಗಳು ಮುಗಿದಿದ್ದವು. ಎಲೆಗಳು ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದಿದ್ದವು, ಮುಟ್ಟಿದರೆ ನೀರು. ಮೂಗಿಗೆ ಹಿಡಿದರೆ ಕರಿಬೇವಿನ ವಾಸನೆಯೂ ಇರಲಿಲ್ಲ.

ನಾನು ಅಲ್ಲೇ ಮಣ್ಣಿನ ಮೇಲೆ ಕೂತು ಗಟ್ಟಿಯಾಗಿ ಅತ್ತೆ. ನಮ್ಮವರು ಹತ್ತಿರ ಬಂದು ಬೆನ್ನ ಮೇಲೆ ಕೈಯಿಟ್ಟರು.

"ಸಾಕು ಬಿಡು. ನಿನ್ನ ಕೈಲಿ ಆಗೋದೆಲ್ಲ ಮಾಡಿದೀಯ. ಸ್ಪ್ರಿಂಗಲ್ಲಿ ಹೊಸದಾಗಿ ಬೀಜ ಹಾಕೋಣ."

"ಬೀಜ ಎಲ್ಲಿಂದ ತರ್ತೀರಿ? ಏರ್‌ಪೋರ್ಟಿಂದ ತರ್ತೀರಾ?"

"ಹಾಗಲ್ಲ ಕಣೇ..."

"ನಿಮಗೆ ಒಂದು ಪೇಪರ್ ರಿಜೆಕ್ಟ್ ಆದ್ರೆ ವಾರಗಟ್ಟಲೆ ಊಟ ಬಿಡ್ತೀರಿ. ಇದು ನನ್ನದು ಪೂರ್ತಿ ಸಾಯ್ತಿದೆ!"

ಮಗಳು ಬಾಗಿಲಲ್ಲಿ ನಿಂತು ಕಪ್ಪಾದ ಸಾಲುಗಳನ್ನು ನೋಡಿ ಮೆಲ್ಲಗೆ "ಮುರಿ ದಾಯೊ, ಅಮ್ಮಾ" ಎಂದಳು. ಮುರಿ ಎಂದರೆ ಜಪಾನೀಸಿನಲ್ಲಿ ಆಗದ ಮಾತು, ಕೈಲಾಗದ್ದು. ನನ್ನ ಕಿವಿಗೆ ಅದು ಕನ್ನಡದ ಮುರಿ ಎಂದೇ ಬಿತ್ತು. ಎರಡು ಭಾಷೆಯಲ್ಲೂ ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಇನ್ನೊಂದು ಅಂಥ ರಾತ್ರಿ ಬಂದರೆ ಒಳಗಿನ ಸಾಲುಗಳೂ ಹೋಗುತ್ತಿದ್ದವು, ಮುನ್ಸೂಚನೆಯ ಪ್ರಕಾರ ಅದು ಅಂದೇ ಬರುವುದಿತ್ತು.

ಊರು ಸುಟ್ಟರೂ ಹೊಟ್ಟೆ ಕೇಳುತ್ತದಲ್ಲ. ಮನೆಗೆ ಬಂದು ಹುಳಿಗೆಂದು ಕುಂಬಳಕಾಯಿ ತೆಗೆದೆ. ಇಲ್ಲಿಯ ಹಸಿರು ಕುಂಬಳ ಕಲ್ಲಿನಂತಿರುತ್ತದೆ, ಚಾಕುವಿಗೆ ಜಗ್ಗುವುದಿಲ್ಲ. ಅದಕ್ಕೆ ನಾನು ಈಳಿಗೆಮಣೆಯನ್ನೇ ಬಳಸುವುದು, ಮದುವೆಯಾದಾಗ ಅಮ್ಮ ಸೂಟ್‌ಕೇಸಿನಲ್ಲಿ ಸೀರೆ ಸುತ್ತಿ ಕೊಟ್ಟದ್ದು. ಮಣೆಯನ್ನು ಕಾಲಿನಿಂದ ಅದುಮಿ ಕೂತು, ಕುಂಬಳಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲಗಿಗೆ ಒತ್ತಿದೆ. ಕಣ್ಣೀರಿನಲ್ಲಿ ಅಲಗು ಮಂಜಾಗಿ ಕಾಣುತ್ತಿತ್ತು. ಕಾಯಿ ಎರಡು ಹೋಳಾಯಿತು. ಅಲಗು ಅಲುಗಿರಲಿಲ್ಲ. ಅಲುಗಿದ್ದು ಕಾಯಿ.

ನಾನು ಹೋಳುಗಳನ್ನು ಅಲ್ಲೇ ಬಿಟ್ಟು ಎದ್ದೆ. "ರೀ, ಗರಗಸ ಮರದ ಹತ್ರ ಹೋಗೋದು ಬೇಡ. ಮರಾನೇ ಗರಗಸದ ಹತ್ರ ಬರಲಿ" ಎಂದೆ. ನಮ್ಮವರು ನನಗೆ ತಲೆ ಕೆಟ್ಟಿತು ಎಂದುಕೊಂಡಿರಬೇಕು. ಈಳಿಗೆಮಣೆಯನ್ನು ಮುಂದಿಟ್ಟು ತೋರಿಸಿದೆ. ಅವರು ಬಹಳ ಹೊತ್ತು ಅದನ್ನೇ ನೋಡಿದರು. "ಡೇಂಜರಸ್" ಎಂದರು. ಆಮೇಲೆ "ಸರಪಳಿ ಯಾವ ಕಡೆ ಓಡುತ್ತೆ ನೋಡಬೇಕು" ಎಂದರು. ಅಲ್ಲಿಗೆ ಒಪ್ಪಿದರೆಂದು ಗೊತ್ತಾಯಿತು.

ಲಾರಿಯವರು ಬಿಟ್ಟುಹೋದ ಮರದ ಪ್ಯಾಲೆಟ್ ಒಡೆದು ಹಲಗೆ ತೆಗೆದೆವು. ಚೈನ್‌ಸಾವನ್ನು ಬಾಲ ಕೆಳಗೆ, ಅಲಗು ಆಕಾಶಕ್ಕೆ ಮಾಡಿ ಎರಡು ಹಲಗೆಗಳ ನಡುವೆ ನಿಲ್ಲಿಸಿ, ಹಿಡಿಗೂ ಎಂಜಿನ್ನಿಗೂ ನಡುವೆ ಮರದ ಬೆಣೆ ಬಡಿದು, ಲಾರಿ ಪಟ್ಟಿಯಿಂದ ಬಿಗಿದೆವು. ಈಗ ಎಂಜಿನ್ ಕೂದಲಿನಷ್ಟೂ ಸರಿಯದು, ರಬ್ಬರ್ ಕೊರಳು ಬಾಯಿ ಬಿಡದು. ಹಾಗೆ ನಿಲ್ಲಿಸಿದಾಗ ದಿಮ್ಮಿ ತಾಗುವ ಮಗ್ಗುಲಲ್ಲಿ ಸರಪಳಿ ಮೇಲಿನಿಂದ ಕೆಳಕ್ಕೆ ಓಡುತ್ತದೆ, ದಿಮ್ಮಿಯನ್ನು ಗಾಡಿಗೆ ಅದುಮುತ್ತದೆಯೇ ಹೊರತು ಎತ್ತಿ ಎಸೆಯುವುದಿಲ್ಲ. ಕುಂಡ ಸಾಗಿಸುವ ನಾಲ್ಕು ಚಕ್ರದ ಗಾಡಿಯ ಮೇಲೆ ದಿಮ್ಮಿಯನ್ನು ಅಡ್ಡಲಾಗಿ ಕಟ್ಟಿ, ಉದ್ದದ ಕೋಲಿನಿಂದ ಗಾಡಿಯನ್ನು ದೂರದಿಂದ ತಳ್ಳುವುದು ನನ್ನ ಕೆಲಸ. ನಮ್ಮವರು ಹಿಂದೆ ನಿಂತು ವೇಗದ ಗುಂಡಿಗೆ ಕಟ್ಟಿದ ಹಗ್ಗ ಹಿಡಿಯುವುದು. ಎಳೆದರೆ ಓಟ, ಬಿಟ್ಟರೆ ಸುಮ್ಮನೆ. ಅಲಗಿನ ತುದಿಗೆ ಮರ ತಾಗಿದರೆ ಯಂತ್ರ ಹಿಂದಕ್ಕೆ ಚಿಮ್ಮುತ್ತದೆಂದು ತುದಿಗೆ ಅಡ್ಡ ಹಲಗೆ ಹೊಡೆದೆವು. ಅಲಗಿನ ನೇರಕ್ಕೆ ಯಾರೂ ನಿಲ್ಲಬಾರದೆಂದು ನೆಲದ ಮೇಲೆ ಬೂದಿಯಿಂದ ಗೆರೆ ಎಳೆದೆ. ಮಗಳ ಸೈಕಲ್ ಹೆಲ್ಮೆಟ್ ಹಾಕಿ, ಸ್ಕೀ ಕನ್ನಡಕ ಏರಿಸಿದೆ. ಇದನ್ನು ಓದಿ ಯಾರೂ ಹೀಗೆ ಮಾಡಬೇಡಿ. ನನಗೆ ಆ ದಿನ ಬೇರೆ ದಾರಿ ಕಾಣಲಿಲ್ಲ.

ಮೊದಲ ದಿಮ್ಮಿಯನ್ನು ಮೆಲ್ಲಗೆ ಅಲಗಿಗೆ ತಾಗಿಸಿದೆ. ಎಂಜಿನ್ನಿನ ಸದ್ದು ದಪ್ಪವಾಯಿತು, ಇಳಿಯಿತು, ಈಗ ಸಾಯುತ್ತದೆ ಎಂದು ನಾನು ಕಣ್ಣು ಮುಚ್ಚಿದೆ. ಸಾಯಲಿಲ್ಲ. ಹೊಟ್ಟು ಹಳದಿ ಕಾರಂಜಿಯಾಗಿ ಕೆಳಗೆ ಸುರಿಯಿತು, ಕೊರಡು ಧೊಪ್ಪನೆ ಬಿತ್ತು. ರಸ್ತೆಯಾಚೆಯಿಂದ ಒಬಾಸಾನ್ ಮತ್ತೆ "ಉರುಸಾಯ್!" ಎಂದು ಕೂಗಿದರು, ಈ ಸಲ ಬೇಕೆಂದೇ. ಕೂಗಿ ಬಂದು, ಕೈಗವಸು ಹಾಕಿಕೊಂಡು, ಬಿದ್ದ ಕೊರಡುಗಳನ್ನು ಒಲೆಯ ಕಡೆ ಉರುಳಿಸತೊಡಗಿದರು.

ಒಂದು ಟ್ಯಾಂಕ್ ಮುಗಿಯುವಷ್ಟರಲ್ಲಿ ನಮ್ಮವರು ಹೇಳಿದಂತೆ ನೀಲಿ ಪೊರೆ ಊದಿ ಎಂಜಿನ್ ಉಬ್ಬಸ ಪಡುತ್ತಿತ್ತು. ಬಿಚ್ಚುವುದು, ಹೊಸ ಪೊರೆ ಕತ್ತರಿಸುವುದು, ಕೂರಿಸುವುದು, ಮತ್ತೆ ಓಡಿಸುವುದು. ಚಳಿಗೆ ಬೆರಳು ಸೆಟೆದು ಸಣ್ಣ ಸ್ಕ್ರೂಗಳು ಕೈಜಾರಿ ಹೊಟ್ಟಿನಲ್ಲಿ ಬಿದ್ದರೆ ಮೂವರೂ ಮಂಡಿಯೂರಿ ಹುಡುಕುತ್ತಿದ್ದೆವು. ಹಗಲು ಕೊಯ್ದದ್ದನ್ನು ಕತ್ತಲೆ ತಿಂದು ಮುಗಿಸುತ್ತಿತ್ತು. ಬೆಳಗಾದರೆ ಮತ್ತೆ ಬರಿಗೈ. ಹೊಸವರ್ಷದ ಮೊದಲ ದಿನ ಊರವರೆಲ್ಲ ದೇಗುಲಕ್ಕೆ ಹೋಗುವ ಹೊತ್ತಿಗೆ ನಾವು ಹೊಟ್ಟು ಮೆತ್ತಿದ ಮುಖಗಳಲ್ಲಿ ದಿಮ್ಮಿ ಎಳೆಯುತ್ತಿದ್ದೆವು. ಎಲ್ಲ ಸಾಲುಗಳನ್ನೂ ಕಾಯುವಷ್ಟು ಸೌದೆ ಎಂದೂ ಆಗಲಿಲ್ಲ. ಪಾಲಿಹೌಸನ್ನು ನಡುವೆ ಪ್ಲಾಸ್ಟಿಕ್ ಇಳಿಬಿಟ್ಟು ಭಾಗ ಮಾಡಿದೆ. ಒಲೆಯ ಪಕ್ಕದ್ದನ್ನು ಇಟ್ಟುಕೊಂಡೆ, ಬಾಗಿಲ ಕಡೆ ಉಳಿದದ್ದನ್ನು ಬಿಟ್ಟುಕೊಟ್ಟೆ. ಫುನಾಬೊರಿಯ ಬಾಲ್ಕನಿಯ ಆ ಮೊದಲ ಗಿಡ ಬಿಟ್ಟುಕೊಟ್ಟ ಕಡೆಯೇ ಇತ್ತು, ಇನ್ನೂ ಜೀವ ಹಿಡಿದಿತ್ತು, ನೆಲಕ್ಕೆ ಬೇರು ಬಿಟ್ಟಿತ್ತು, ಕೀಳಲು ಬರುತ್ತಿರಲಿಲ್ಲ. ಅದಕ್ಕೆ ಹುಲ್ಲು ಸುತ್ತಿ, ನನ್ನ ಹಳೆಯ ಶಾಲು ಹೊದಿಸಿ, ಪ್ಲಾಸ್ಟಿಕ್ ಎಳೆದುಕೊಂಡೆ. ತಾಯಿಯನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿದಂತೆ ಅನ್ನಿಸಿತು. 

ಚೈನ್‌ಸಾ ಸತ್ತದ್ದು ರಜೆ ಮುಗಿಯುವ ಹಿಂದಿನ ಮಧ್ಯಾಹ್ನ. ದಿಮ್ಮಿಯ ನಡುವಿನಲ್ಲಿ ಅಲಗು ಇರುವಾಗಲೇ ಒಂದು ಕಿರ್ ಎಂಬ ಸದ್ದು, ಆಮೇಲೆ ಹಗ್ಗ ಎಳೆದರೂ ಬರಲಿಲ್ಲ, ಪಿಸ್ಟನ್ ಹಿಡಿದುಕೊಂಡಿತ್ತು. ಇನ್ನು ಅದಕ್ಕೆ ಮದ್ದಿಲ್ಲ ಎಂದು ನಮಗಿಬ್ಬರಿಗೂ ಗೊತ್ತಾಯಿತು. ಕೊಯ್ದು ಒಟ್ಟಿದ್ದ ಕೊರಡು ಕಡಿಮೆಯಿತ್ತು. ಪ್ಯಾಲೆಟ್ ಹಲಗೆ, ಮಗಳ ಹಳೆಯ ಮೇಜು, ನಮ್ಮ ಶೂ ಸ್ಟ್ಯಾಂಡು, ಸಿಕ್ಕಿದ್ದನ್ನೆಲ್ಲ ಒಲೆಗೆ ಹಾಕಿದೆವು. ಒಲೆಯ ಕೊಳವೆ ಕೀಲು ಬಿಟ್ಟು ಒಳಗೆಲ್ಲ ಹೊಗೆ, ಕಣ್ಣು ಬಿಡಲಾಗುತ್ತಿರಲಿಲ್ಲ. ಮರುದಿನ ಹಗಲಾದ ಮೇಲೆ ರಿಪೇರಿಯವನು ಪಾರ್ಟ್ ಹಿಡಿದು, ತಲೆಬಾಗಿಸಿಕೊಂಡು ಬಂದ. ಹೀಟರ್ ಗುಂಯ್ ಎಂದಿತು. ನಾನು ಅವನಿಗೆ ಅರಿಗಾತೋ ಎಂದು ಹೇಳುವುದನ್ನೂ ಮರೆತು ಒಲೆಯ ಪಕ್ಕ ಗೋಣಿಯ ಮೇಲೆ ಮಲಗಿಬಿಟ್ಟೆ.

ಬಾಗಿಲ ಕಡೆಯ ಅರ್ಧ ಹೋಯಿತು, ಬಾಲ್ಕನಿಯ ಮೊದಲ ಗಿಡವೂ ಸೇರಿ. ತೊಗಟೆ ಕೆರೆದು ನೋಡಿದೆ, ಬುಡದವರೆಗೂ ಕಂದು. ಒಳಗಿನ ಅರ್ಧ ಬದುಕಿದೆಯೋ ಇಲ್ಲವೋ ಕೆಲವು ದಿನ ಹೇಳಲಾಗುತ್ತಿರಲಿಲ್ಲ. ತುದಿಗಳು ಕಪ್ಪಾಗಿದ್ದವು, ಎಲೆ ಉದುರುತ್ತಿತ್ತು. ಒಂದು ಸಾಲಿನ ಕೆಳಗಿನ ಕಡ್ಡಿಗಳಲ್ಲಿ ಮಾತ್ರ ಕೊಯ್ಯುವಂಥ ಸೊಪ್ಪಿತ್ತು. ಅಷ್ಟನ್ನು ಕೊಯ್ದು, ಒರೆಸಿ, ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಫುನಾಬೊರಿಗೆ ಕಳಿಸಿದೆ. ಸಂಕ್ರಾಂತಿ ಹತ್ತಿರ ಬಂದಿತ್ತು, ಎಲ್ಲರೂ ಕೇಳುತ್ತಿದ್ದರು. ಇದೇ ಕೊನೆಯದು ಎಂದು ಪೊಟ್ಟಣದ ಮೇಲೆ ಬರೆಯಬೇಕೆಂದುಕೊಂಡು ಬರೆಯಲಿಲ್ಲ. ಹೀಟರಿಗೆ ಎಣ್ಣೆ ಹಾಕುವುದೂ ಯಾರಿಗಾಗಿ ಎನ್ನಿಸಿದ ಬೆಳಗುಗಳು ಅವು.

ಪೊಟ್ಟಣ ತಲುಪಿದ ದಿನ ಫೋನ್ ಬಂತು. ಫುನಾಬೊರಿಯಲ್ಲಿ ನಮ್ಮ ಮೇಲಿನ ಮಹಡಿಯಲ್ಲಿದ್ದ ಹಾಸನದ ಹೆಂಗಸು, ಬಾಲ್ಕನಿಯ ಕಾಲದಿಂದಲೂ ನನ್ನ ಸೊಪ್ಪು ತರಿಸುವವರು, ಮೆಣಸಿನಕಾಯಿಯಂಥ ನಾಲಿಗೆ.

"ಏನ್ರೀ ಇದು, ಈ ಸಲ ಸೊಪ್ಪು ಪೂರ್ತಿ ಹೊಗೆ ವಾಸನೆ! ವಾಶ್ ಮಾಡ್ದೆ, ಮತ್ತೆ ವಾಶ್ ಮಾಡ್ದೆ, ಹೋಗ್ತಾನೇ ಇಲ್ಲ. ತುದಿನೂ ಕಪ್ಪಗಿದೆ. ಕ್ವಾಲಿಟಿ ಇಷ್ಟು ಡೌನ್ ಆದ್ರೆ ಹೇಗೆ?"

ನನಗೆ ಸಿಟ್ಟು ನೆತ್ತಿಗೇರಿತು. ಗಿಡ ಹೋದದ್ದು, ಬೆರಳು ಒಡೆದದ್ದು, ಮಗಳ ಮೇಜು ಉರಿದದ್ದು, ಎಲ್ಲ ಒಂದೇ ಉಸಿರಿಗೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಮುಂದುವರಿಸಿದರು:

"ಹಾಕ್ಲೇಬೇಕಲ್ಲ, ಏನ್ ಮಾಡೋದು. ನೆಕ್ಸ್ಟ್ ಟೈಮ್ ಸ್ವಲ್ಪ ನೋಡಿ ಕಳ್ಸಿ, ಆಯ್ತಾ?"

ಮುಂದಿನ ಸಲ. ಆ ವಾರವೆಲ್ಲ ನಮ್ಮ ಮನೆಯಲ್ಲಿ ಯಾರೂ ಆ ಮಾತು ಆಡಿರಲಿಲ್ಲ. ಪಾಲಿಹೌಸಿನಲ್ಲೇ ನಿಂತಿದ್ದೆ. ಫೋನ್ ಕಿವಿಗೆ ಒತ್ತಿಕೊಂಡೇ ಹತ್ತಿರದ ಗಿಡದ ಕಡ್ಡಿಯನ್ನು ಬಾಗಿಸಿ ನೋಡಿದೆ. ಎಲೆ ಉದುರಿದ ಗಿಣ್ಣಿನಲ್ಲಿ ಸಾಸಿವೆಯಷ್ಟು ಹಸಿರು ಕಂಡಿತು, ಪಕ್ಕದ ಕಡ್ಡಿಯಲ್ಲೂ ಕಂಡಿತು.

"ಆಯ್ತು ರೀ. ನೆಕ್ಸ್ಟ್ ಟೈಮ್ ನೋಡಿ ಕಳಿಸ್ತೀನಿ" ಎಂದೆ. ದನಿ ಒಡೆದು ಬಿಕ್ಕಳಿಕೆ ಬಂದುಬಿಟ್ಟಿತು.

"ಅಯ್ಯೋ, ಅಳ್ತಿದೀರಾ? ಅಳೋ ಅಷ್ಟೇನೂ ಆಗಿಲ್ಲ ಬಿಡಿ" ಎಂದರು ಅವರು. "ಸಾರಿಗೆ ನಡಿಯುತ್ತೆ."